ಟವಲಿನ ಕೆಳಗೆ

ನನ್ನ ಅಪ್ಪ ಪ್ಯಾರೇಜಾನ್, ದನದ ದಲ್ಲಾಳಿ.
ಮನೆಯಲ್ಲಿ ಉರ್ದು ಆಡುತ್ತಿದ್ದ, ರೈತರ ಜೊತೆ ಕನ್ನಡ,
ಮದನಪಲ್ಲಿ ಕಡೆಯವರು ಬಂದರೆ ತೆಲುಗು.
ಬೈಯುವುದಕ್ಕೆ ಮೂರನ್ನೂ ಕಲೆಸುತ್ತಿದ್ದ.
ನಮಗೆ ಅನ್ನ ಹಾಕಿದ್ದು ಮಾತ್ರ ನಾಲ್ಕನೆಯದು.
ಅದಕ್ಕೆ ಹೆಸರಿಲ್ಲ. ಅಕ್ಷರವಿಲ್ಲ. ಸದ್ದೂ ಇಲ್ಲ.

ಚಿಂತಾಮಣಿ ಸಂತೆಯಲ್ಲಿ, ಹುಣಸೆಮರದ ಬುಡದಲ್ಲಿ,
ಎದುರಿಗೆ ವೆಂಕಟರವಣಪ್ಪ. ನಡುವೆ ಒಂದು ಕೆಂಪಂಚಿನ ಟವಲು.
ಅದರಡಿಯಲ್ಲಿ ಎರಡು ಬಲಗೈ
ಬಿಲದೊಳಗಿನ ಇಲಿಗಳ ಹಾಗೆ ಮಿಸುಕಾಡುತ್ತಿದ್ದವು.
ಮೇಲೆ ಮುಖಗಳು, ಮಳೆ ಬಂತೇ, ಮಗಳಿಗೆ ಗಂಡು ಸಿಕ್ಕಿತೇ
ಎಂದು ಬೇರೇನೋ ಮಾತಾಡುತ್ತಿದ್ದವು.
ಕೆಳಗೆ ಒಂದು ಜೊತೆ ಹಳ್ಳಿಕಾರ್ ಹೋರಿ
ಒಬ್ಬನ ಹಗ್ಗದಿಂದ ಇನ್ನೊಬ್ಬನ ಹಗ್ಗಕ್ಕೆ ದಾಟುತ್ತಿತ್ತು.

ನಾನು ಕದ್ದು ಕೇಳಿದ್ದು, ಅಂದರೆ ಕದ್ದು ನೋಡಿದ್ದು, ಇಷ್ಟೇ:
ನಾಲ್ಕು ಬೆರಳು ಹಿಡಿದರೆ ನಾಲ್ಕು.
ನಾಲ್ಕು ನೂರೋ ನಾಲ್ಕು ಸಾವಿರವೋ
ಅದನ್ನು ಎದುರಿಗೆ ನಿಂತ ದನ ಹೇಳುತ್ತದೆ.
ಗೆಣ್ಣು ಒತ್ತಿದರೆ ಅರ್ಧ.
ಉಗುರು ತಾಗಿಸಿದರೆ, ಹಲ್ಲು ನೋಡು, ವಯಸ್ಸು ಸುಳ್ಳು.
ಅಂಗೈ ಮಧ್ಯೆ ಹೆಬ್ಬೆಟ್ಟು ಸುತ್ತಿದರೆ ಏನೆಂದು
ಕೇಳಿದ್ದಕ್ಕೆ ಅಪ್ಪ ನಕ್ಕ.
“ತೇರೇಕು ಕಾಯ್ಕು ಬೇಟಿ? ಸಂತೇಲಿ ನೀನು ಯಾರ ಕೈ ಹಿಡೀತೀಯ?”

ಒಂದು ಭಾಷೆ ಹೇಗೆ ಸಾಯುತ್ತದೆ ಎಂದು ಯಾರಾದರೂ ಕೇಳಿದರೆ
ನನಗೆ ಆ ನಗು ನೆನಪಾಗುತ್ತದೆ.

ಅಳಬೇಕೋ ಬೇಡವೋ, ಅದೂ ಸರಿಯಾಗಿ ತಿಳಿಯದು.
ಆ ಮಾತಲ್ಲಿ ದನ ಸಾಕಿದವನಿಗೆ ಒಂದು ಪದವೂ ಇರಲಿಲ್ಲ.
ಅವನು ಹಗ್ಗ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ,
ಟವಲಿನ ಮಡಿಕೆಗಳನ್ನು ಮೋಡ ನೋಡಿದ ಹಾಗೆ ನೋಡುತ್ತ.
ಈಗ ಕೈವಾರದ ಹುಡುಗ ಫೋನಿನಲ್ಲಿ ಹಸುವಿನ ಫೋಟೋ ಹಾಕಿ
ಕೆಳಗೆ ಬೆಲೆ ಬರೆಯುತ್ತಾನೆ, ಎಲ್ಲರಿಗೂ ಕಾಣುವ ಹಾಗೆ.
ಒಳ್ಳೆಯದೇ. ಒಳ್ಳೆಯದೇ ಅಂತ ಅಪ್ಪನ ಎದುರೇ ಹೇಳಿಬಿಟ್ಟೆ.
ಆ ರಾತ್ರಿ ಅವನು ಊಟ ಬಿಟ್ಟ.

ಯಾವುದೋ ಯೂನಿವರ್ಸಿಟಿಯಿಂದ ಒಬ್ಬ ಬಂದ, ಕ್ಯಾಮೆರಾ ಹೊತ್ತು,
ಅಳಿಯುತ್ತಿರುವ ಭಾಷೆಗಳ ಪಟ್ಟಿಗೆ ಸೇರಿಸುತ್ತೇನೆ ಎಂದ.
ಒಂದು ಗಂಟೆ ತೆಗೆದ. ಸಿಕ್ಕಿದ್ದು ಟವಲು.
“ಬಟ್ಟೆ ತೆಗೆದು ತೋರಿಸಿ ತಾತ” ಎಂದಾಗ
ಇಬ್ಬರೂ ಮುಖ ಮುಖ ನೋಡಿಕೊಂಡರು, ಮದುಮಕ್ಕಳ ಹಾಗೆ ನಾಚಿ.
“ಬಟ್ಟೆ ತೆಗೆದ್ರೆ ಬರೀ ಬೆರಳು ಕಣಪ್ಪ,” ಎಂದ ವೆಂಕಟರವಣಪ್ಪ,
“ಮಾತು ಎಲ್ಲಿರ್ತೈತೆ?”
ಬಂದವನು ಒಂದರಿಂದ ಹತ್ತು ಬರೆದುಕೊಂಡು ಬಸ್ಸು ಹತ್ತಿದ.
ಬೆವರಿಗೆ, ತಡೆದು ತಡೆದು ಒತ್ತುವುದಕ್ಕೆ,
ಸುಳ್ಳು ಹೇಳುವಾಗ ತಣ್ಣಗಾಗುತ್ತಿತ್ತಂತೆ ಕಿರುಬೆರಳು, ಅದಕ್ಕೆ,
ಅವನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಕೊನೆಕೊನೆಗೆ ಮಾರಲು ಏನೂ ಇಲ್ಲದೆ
ಇಬ್ಬರೂ ನನ್ನ ಟೀ ಅಂಗಡಿ ಬೆಂಚಿನ ಮೇಲೆ ಕುಳಿತು
ಇಲ್ಲದ ಎತ್ತುಗಳಿಗೆ ಬೆಲೆ ಕಟ್ಟುತ್ತಿದ್ದರು.
ಸಿಟ್ಟಾಗುತ್ತಿದ್ದರು. ಒಮ್ಮೆ ನಗು ತಡೆಯಲಾರದೆ
ಅಪ್ಪನಿಗೆ ಟೀ ನೆತ್ತಿಗೆ ಹತ್ತಿತು. ಏನು ಜೋಕು? ಹೇಳಲಿಲ್ಲ.
ಬಾಯಲ್ಲಿ ಹೇಳಲು ಬರುವ ಜೋಕಲ್ಲ ಅದು.

ಅಪ್ಪನ ನಲವತ್ತರ ಫಾತೆಹಾ ಮುಗಿದ ಮಾರನೆಯ ದಿನ
ವೆಂಕಟರವಣಪ್ಪ ಒಬ್ಬನೇ ಬಂದ.
ಟೀ ಕುಡಿದ. ಗ್ಲಾಸು ಒರೆಸಲು ನಾನಿಟ್ಟುಕೊಂಡಿದ್ದ
ಅದೇ ಕೆಂಪಂಚಿನ ಟವಲು ಕಂಡು ಸುಮ್ಮನಾದ.
ಆಮೇಲೆ ಅದರಡಿ ಕೈ ತೂರಿಸಿ ನನ್ನ ಕೈ ಹಿಡಿದ.
ಮೂರು ಬೆರಳು. ಒಂದು ಗೆಣ್ಣು. ಅಂಗೈ ಮಧ್ಯೆ ಹೆಬ್ಬೆಟ್ಟು,
ನಿಧಾನ, ಒಂದು ಸುತ್ತು.
ಸಂತೆ ತುಂಬ ಜನ. ನಾನು ಕೈ ಎಳೆದುಕೊಂಡೆ.

“ಏನಿಲ್ಲಮ್ಮ ಮುಬೀನಾ, ಅಭ್ಯಾಸ” ಎಂದು
ಮೊಮ್ಮಗ ಕೊಟ್ಟ ಫೋನು ತೆಗೆದು ಗೋಡೆಯ ಚೌಕಕ್ಕೆ ಹಿಡಿದ.
ಹತ್ತು ರೂಪಾಯಿ ಬಂದಿದೆ ಎಂದು
ಡಬ್ಬಿ ಇಡೀ ಸಂತೆಗೆ ಕೇಳುವಂತೆ ಕೂಗಿತು.